ದುಡಿಯುವ ಯಂತ್ರಕ್ಕೆ ಎಂಥ ದೀಪ?

ನವೆಂಬರ್–ಡಿಸೆಂಬರ್ ಬಂತೆಂದರೆ ಗಂಗಾವತಿ, ಸಿಂಧನೂರು ಕಡೆ ಭತ್ತದ ಕಟಾವು ಹೊತ್ತು ಮುಳುಗಿದ ಕೂಡಲೇ ನಿಲ್ಲುವುದಿಲ್ಲ. ಹಾರ್ವೆಸ್ಟರ್ ಬಾಡಿಗೆ ಗಂಟೆ ಲೆಕ್ಕದ್ದು, ಪಕ್ಕದ ಗದ್ದೆಯವರು ತಮ್ಮ ಪಾಳಿಗೆ ಕಾಯುತ್ತಿರುತ್ತಾರೆ. ಇಬ್ಬನಿ ಬಿದ್ದು ಹುಲ್ಲು ಒದ್ದೆಯಾಗುವವರೆಗೂ ಯಂತ್ರ ಓಡಬೇಕು. ರಾತ್ರಿಯಿಡೀ ಕೊರೆಯುವ ಬೋರ್‌ವೆಲ್ ಲಾರಿ, ಕಬ್ಬು ಹೇರುವ ಟ್ರ್ಯಾಕ್ಟರ್, ಕಾಲುವೆ ತೋಡುವ ಜೆಸಿಬಿ, ಸಂಡೂರಿನ ಅದಿರು ಸಾಗಿಸುವ ಡಂಪರ್ ಎಲ್ಲದರ ಪಾಡೂ ಇದೇ. ಹೆಡ್‌ಲೈಟ್ ದಾರಿ ತೋರಿಸುತ್ತದೆ. ಆದರೆ ಕಟರ್ ಬಾರ್‌ಗೆ ಕಲ್ಲು ಸಿಕ್ಕೀತೇ, ಬಕೆಟ್ ಪೈಪಿಗೆ ತಾಗೀತೇ, ಹಿಂದೆ ಆಳು ನಿಂತಿದ್ದಾನೆಯೇ ಎಂಬುದನ್ನು ತೋರಿಸುವುದು ಫೋಕಸ್ ಲೈಟ್, ಅಂದರೆ ವರ್ಕ್ ಲೈಟ್. ಇದರ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯ ಬಹುಭಾಗ ಒಂದೇ ಕೊರತೆಯ ಸುತ್ತ ತಿರುಗಿದೆ: ಎಂಜಿನ್ ತನ್ನ ದೀಪಕ್ಕೆಂದು ಎಷ್ಟು ಕರೆಂಟ್ ಬಿಟ್ಟುಕೊಟ್ಟೀತು?

ಒಂದೆಡೆ ಕೂತ ಯಂತ್ರಕ್ಕೆ ಈ ಚಿಂತೆ ಬೇಗನೆ ತೀರಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಓಡಾಡುವ ಯಂತ್ರ ಮಾತ್ರ ತನ್ನ ಬೆಳಕನ್ನು ತಾನೇ ಹೊರಬೇಕಿತ್ತು. ಕೆನಡಾದ ಥಾಮಸ್ ವಿಲ್ಸನ್ 1892ರಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಅದಕ್ಕೊಂದು ಉಪಾಯ ಸಿಕ್ಕಿತು. ಕಾರ್ಬೈಡ್ ತುಂಡಿನ ಮೇಲೆ ಹನಿಹನಿಯಾಗಿ ನೀರು ಬಿಟ್ಟರೆ ಅಸಿಟಿಲೀನ್ ಅನಿಲ ಏಳುತ್ತದೆ, ಹೊತ್ತಿಸಿದರೆ ಬೆಳ್ಳಗೆ ಉರಿಯುತ್ತದೆ. ಗಣಿ ಕೆಲಸಗಾರರ ಟೋಪಿಯ ಮೇಲೂ ಮೊದಮೊದಲ ಕಾರುಗಳ ಮುಂದೆಯೂ ಇದೇ ದೀಪ. ಬೆಳಕು ಚೆನ್ನಾಗಿತ್ತು, ಚಾಕರಿ ವಿಪರೀತ. ನೀರು ತುಂಬಬೇಕು, ಉಳಿದ ಸುಣ್ಣದ ಗಸಿ ಬಳಿಯಬೇಕು, ಜೋರು ಗಾಳಿಗೆ ಆರಿದರೆ ಮತ್ತೆ ಹಚ್ಚಬೇಕು.

1912ರ ಕ್ಯಾಡಿಲಾಕ್ ಕಾರು ವಿದ್ಯುತ್ ಸ್ಟಾರ್ಟರ್ ಜೊತೆಗೆ ವಿದ್ಯುತ್ ದೀಪವನ್ನೂ ತಂದಿತು. ಮರುವರ್ಷ ಜರ್ಮನಿಯ ಬಾಷ್ ಕಂಪನಿ ಡೈನಮೋ, ರೆಗ್ಯುಲೇಟರ್, ಹೆಡ್‌ಲೈಟ್ ಸೇರಿಸಿ ಒಂದೇ ಸೆಟ್ಟಾಗಿ ಮಾರತೊಡಗಿತು. ಎಲ್ಲರಿಗೂ ಇಷ್ಟು ಸುಖವಿರಲಿಲ್ಲ. ಫೋರ್ಡ್‌ನ ಮಾಡೆಲ್ ಟಿ ಕಾರಿಗೆ 1915ರಲ್ಲಿ ಬಂದ ವಿದ್ಯುತ್ ದೀಪಕ್ಕೆ ಕರೆಂಟ್ ಸಿಗುತ್ತಿದ್ದುದು ಎಂಜಿನ್ನಿನ ಮ್ಯಾಗ್ನೆಟೋದಿಂದ. ಎಂಜಿನ್ ಜೋರಾದರೆ ಬೆಳಕೂ ಜೋರು, ನಿಧಾನಿಸಿದರೆ ಮಂಕು. ಮುಂದೆ 1940ರ ಸುಮಾರಿಗೆ ಅಮೆರಿಕದಲ್ಲಿ ಬಂದ ಸೀಲ್ಡ್ ಬೀಮ್ ದೀಪ ಧೂಳು, ತೇವ ಒಳಹೋಗುವುದನ್ನು ತಡೆಯಿತು. ಫಿಲಮೆಂಟ್ ಸುಟ್ಟರೆ ಇಡೀ ದೀಪವನ್ನೇ ಎಸೆಯಬೇಕಿತ್ತು, ಅಷ್ಟೇ.

ದೊಡ್ಡ ಜಿಗಿತ ಹ್ಯಾಲೊಜನ್ನಿನದು. ಮಾಮೂಲಿ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ತಂತಿ ಆವಿಯಾಗಿ ಗಾಜಿನ ಒಳಗೋಡೆಗೆ ಕಪ್ಪಾಗಿ ಅಂಟುತ್ತದೆ. ತಂತಿ ಸವೆಯುತ್ತದೆ, ಗಾಜು ಮಸುಕಾಗುತ್ತದೆ. ಒಳಗೆ ಒಂದಿಷ್ಟು ಅಯೋಡಿನ್ ಸೇರಿಸಿದರೆ ಅದು ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ತಲುಪಿಸುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಎಲ್ಮರ್ ಫ್ರಿಡ್ರಿಕ್ ಮತ್ತು ಎಮ್ಮೆಟ್ ವೈಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಯುರೋಪಿನ ವಾಹನಗಳಿಗೆ ಎಚ್1 ಬಲ್ಬ್ ಬಂದದ್ದು 1962ರಲ್ಲಿ. ಅದರ ತಮ್ಮನಂತಿರುವ ಎಚ್3 ದಶಕಗಳ ಕಾಲ ವರ್ಕ್ ಲೈಟಿನ ಪ್ರಾಣವೇ ಆಗಿತ್ತು: 12 ವೋಲ್ಟ್, 55 ವ್ಯಾಟ್, ಸುಮಾರು 1,450 ಲ್ಯೂಮೆನ್.

ಕರೆಂಟಿನ ಬಡತನ ಎದ್ದು ಕಾಣುವುದು ಇಲ್ಲಿಯೇ. ನಾಲ್ಕು ಹ್ಯಾಲೊಜನ್ ಹಾಕಿದರೆ 220 ವ್ಯಾಟ್, ಅಂದರೆ 18 ಆಂಪಿಯರ್. ಸಣ್ಣ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಎಂಜಿನ್ ನಿಧಾನವಾಗಿ ತಿರುಗುವಾಗ ಇಷ್ಟನ್ನು ಕೊಡಲು ಏದುಸಿರು ಬಿಡುತ್ತದೆ. ಬೆಳಗ್ಗೆ ಸೆಲ್ಫ್ ಹೊಡೆದರೆ ಬ್ಯಾಟರಿ ಕೂತಿರುತ್ತದೆ. ಸಾಲದ್ದಕ್ಕೆ ಸಪೂರ ವೈರು. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಹ್ಯಾಲೊಜನ್ನಿನ ಬೆಳಕು ಶೇ. 30ರಷ್ಟು ಕುಸಿಯುತ್ತದೆ. ಬಲ್ಬನ್ನು ಬೈದವರೆಷ್ಟೋ ಮಂದಿ, ನಿಜಕ್ಕೂ ಬೈಯಬೇಕಾದದ್ದು ವೈರಿಂಗನ್ನು. ಜೊತೆಗೆ ಯಂತ್ರದ ನಡುಕಕ್ಕೆ ಫಿಲಮೆಂಟ್ ತುಂಡಾಗುವ ಕಾಟ ಬೇರೆ. 1991ರಲ್ಲಿ ಬಿಎಂಡಬ್ಲ್ಯು ಕಾರಿನೊಂದಿಗೆ ಬಂದ ಕ್ಸೆನಾನ್ ದೀಪದಲ್ಲಿ ಫಿಲಮೆಂಟೇ ಇಲ್ಲ, 35 ವ್ಯಾಟಿಗೆ 3,200 ಲ್ಯೂಮೆನ್ ಸಿಗುತ್ತಿತ್ತು. ದೊಡ್ಡ ಗಣಿಗಳು ಅದನ್ನು ಕೊಂಡವು. ಬೆಲೆ, ಹೈವೋಲ್ಟೇಜ್ ಬ್ಯಾಲಾಸ್ಟ್, ಹಚ್ಚಿದ ಮೇಲೆ ಪೂರ್ತಿ ಬೆಳಗಲು ಕೆಲವು ಸೆಕೆಂಡು ಕಾಯುವ ತಾಪತ್ರಯ, ಇವೆಲ್ಲ ಸೇರಿ ರೈತನ ಹತ್ತಿರಕ್ಕೆ ಅದು ಬರಲೇ ಇಲ್ಲ.

ಅಷ್ಟರಲ್ಲಿ ಎಲ್ಇಡಿ ಬಂತು. 1990ರ ದಶಕದ ಆರಂಭದಲ್ಲಿ ಜಪಾನಿನ ಅಕಸಾಕಿ, ಅಮಾನೋ, ನಕಮುರಾ ಪ್ರಖರ ನೀಲಿ ಎಲ್ಇಡಿ ಸಾಧಿಸಿದರು. ಆ ನೀಲಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ ಬೆಳಕು. 2014ರ ಭೌತಶಾಸ್ತ್ರದ ನೊಬೆಲ್ ಇವರಿಗೇ ಸಂದಿತು. ಇಂದು ವ್ಯಾಟಿಗೆ 80–100 ಲ್ಯೂಮೆನ್ ಕೊಡುವ ದೀಪ ಸಾಮಾನ್ಯ ಸಂಗತಿ. ಹಳೆಯ 55 ವ್ಯಾಟ್ ಹ್ಯಾಲೊಜನ್ನಿನ ಕೆಲಸವನ್ನು 18 ವ್ಯಾಟ್ ಎಲ್ಇಡಿ ಮಾಡುತ್ತದೆ. ಆಂಪಿಯರ್ ಬಡತನ ತೀರಿತು. ತೀರಿದ್ದೇ ತಡ, ಇನ್ನೊಂದು ರೋಗ ಶುರುವಾಯಿತು: ಬೆಳಕು ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭ್ರಮೆ.

ಅಂಗಡಿಯ ಡಬ್ಬಿಯ ಮೇಲಿನ ಸಂಖ್ಯೆಯನ್ನೇ ನೋಡಿ. 16 ಚಿಪ್, ಒಂದೊಂದೂ 3 ವ್ಯಾಟಿನದು, ಗುಣಿಸಿ 48 ವ್ಯಾಟ್ ಎಂದು ಅಚ್ಚು ಹಾಕಿರುತ್ತಾರೆ. 12 ವೋಲ್ಟಿನಲ್ಲಿ 48 ವ್ಯಾಟೆಂದರೆ 4 ಆಂಪಿಯರ್ ಎಳೆಯಬೇಕು. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಒಂದೂವರೆ ಆಂಪಿಯರ್ ತೋರಿಸಿದರೆ ಅದು 18 ವ್ಯಾಟಿನ ದೀಪ. ಬೆಳಕು ಕೆಟ್ಟದ್ದೇನಲ್ಲ, ಲೇಬಲ್ ಸುಳ್ಳು. ಲ್ಯೂಮೆನ್‌ನಲ್ಲೂ ಇದೇ ಆಟ. ಚಿಪ್‌ಗಳ ಕಾಗದದ ಲೆಕ್ಕ ಒಂದು, ಬಿಸಿಯಾದ ಮೇಲೆ ಲೆನ್ಸ್ ದಾಟಿ ಹೊರಬರುವುದು ಇನ್ನೊಂದು. ಎರಡನೆಯದನ್ನು ಬರೆದುಕೊಡುವ ಕಂಪನಿಯನ್ನು ನಂಬಬಹುದು. ಹಿಂಭಾಗದ ಅಲ್ಯೂಮಿನಿಯಂ ರೆಕ್ಕೆಗಳ ದಪ್ಪ, ದೀಪದ ತೂಕ ಗಮನಿಸಿ. ಶಾಖ ಬಿಟ್ಟುಕೊಡಲಾಗದ ಎಲ್ಇಡಿ ಬೇಗ ಮಂಕಾಗುತ್ತದೆ.

ಮುಂದಿನ ಪ್ರಶ್ನೆ ಬೆಳಕು ಎಲ್ಲಿ ಬೀಳಬೇಕೆಂಬುದು. ಹಾರ್ವೆಸ್ಟರಿನ ಕಟರ್ ಬಾರ್, ಜೆಸಿಬಿಯ ಬಕೆಟ್ ಕೆಲವೇ ಮೀಟರ್ ದೂರದವು. ಅಲ್ಲಿಗೆ ಅಗಲಕ್ಕೆ ಹರಡುವ ಫ್ಲಡ್ ಬೀಮ್ ಬೇಕು. ಬಹಳ ಮಂದಿ ದೂರಕ್ಕೆ ಚುಚ್ಚುವ ಸ್ಪಾಟ್ ಕೊಂಡು, ನಟ್ಟನಡುವೆ ಕಣ್ಣು ಕುಕ್ಕುವ ಚುಕ್ಕೆ, ಸುತ್ತ ಕತ್ತಲು ಮಾಡಿಕೊಳ್ಳುತ್ತಾರೆ. ಭತ್ತದ ಧೂಳಿನಲ್ಲಂತೂ ಡ್ರೈವರನ ಕಣ್ಣಿನ ಮಟ್ಟದಲ್ಲಿ ಕೂರಿಸಿದ ದೀಪ ಬಿಳಿ ಪರದೆಯನ್ನೇ ಎಬ್ಬಿಸುತ್ತದೆ. ಕೆಳಗೆ, ಪಕ್ಕಕ್ಕೆ ಸರಿಸಿದರೆ ಧೂಳಿನ ಆಚೆ ಕಾಣುತ್ತದೆ. 6,000 ಕೆಲ್ವಿನ್ನಿನ ನೀಲಿಬಿಳುಪಿಗಿಂತ 4,000–5,000ದ ಬೆಳಕು ಕಣ್ಣಿಗೆ ಹಿತ. ಗದ್ದೆಯ ಜಿಗಿಹುಳು ಮುತ್ತುವುದೂ ಬೆಚ್ಚನೆಯ ಬಣ್ಣಕ್ಕೆ ಕಡಿಮೆ.

ಗಟ್ಟಿತನಕ್ಕೆ ಐಪಿ ಸಂಖ್ಯೆ ಓದಬೇಕು. ಐಪಿ 67 ಎಂದರೆ ಧೂಳು ಹೊಗದು, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಪರವಾಗಿಲ್ಲ. ಆದರೆ ವಾಟರ್ ಸರ್ವಿಸ್‌ನ ಒತ್ತಡದ ನೀರಿಗೆ ಅದು ಭರವಸೆಯಲ್ಲ. ಅದಕ್ಕೆ ಐಪಿ 69ಕೆ ಬೇಕು. ಬಿಸಿ ದೀಪದ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ವೈರಿನ ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ, ಲೆನ್ಸಿನೊಳಗಿನ ಮಂಜು ಬರುವುದು ಹಾಗೆ. ಒಳ್ಳೆಯ ದೀಪಗಳಲ್ಲಿ ಇದಕ್ಕೆಂದೇ ಉಸಿರಾಡುವ ಪುಟ್ಟ ಪೊರೆ ಇರುತ್ತದೆ. ಲೈಟ್ ಹಾಕಿದ ಕೂಡಲೇ ಕ್ಯಾಬಿನ್ನಿನ ವಾಕಿಟಾಕಿ ಕರಕರ ಎಂದರೆ ದೀಪದೊಳಗಿನ ಅಗ್ಗದ ಡ್ರೈವರ್ ಸರ್ಕ್ಯೂಟಿನ ಮೇಲೆ ಗುಮಾನಿಪಡಿ. ಗಣಿಯಲ್ಲಿ ಆ ಗದ್ದಲ ಅಪಾಯಕ್ಕೂ ದಾರಿಯಾದೀತು. 12 ವೋಲ್ಟಿನ ಟ್ರ್ಯಾಕ್ಟರ್, 24 ವೋಲ್ಟಿನ ಡಂಪರ್ ಎರಡೂ ಇರುವವರು 10–30 ವೋಲ್ಟಿಗೆ ಒಗ್ಗುವುದನ್ನು ಕೊಳ್ಳಲಿ. ರಿಲೇ, ಫ್ಯೂಸಿನ ವಿಷಯದಲ್ಲಿ ಜಿಪುಣತನ ಬೇಡ.

ಕೊನೆಗೊಂದು ಕೋರಿಕೆ. ಟ್ರೇಲರ್ ಜೋಡಿಸಲು, ಮೂಟೆ ಹೇರಲು ಹಿಂದಕ್ಕೆ ತಿರುಗಿಸಿದ ಬಿಳಿ ದೀಪ ರಸ್ತೆಯಲ್ಲಿ ಹಾಗೆಯೇ ಉರಿಯುತ್ತಿದ್ದರೆ ಹಿಂದಿನ ಬೈಕಿನವನಿಗೆ ಟ್ರ್ಯಾಕ್ಟರೂ ಕಾಣುವುದಿಲ್ಲ, ಕಬ್ಬೂ ಕಾಣುವುದಿಲ್ಲ. ವರ್ಕ್ ಲೈಟ್ ಹೊಲಕ್ಕೆ, ಗಣಿಗೆ, ಸೈಟಿಗೆ, ರಸ್ತೆಗಲ್ಲ. ಹಿಂದಿನ ಲೈಟಿಗೆ ಬೇರೆಯೇ ಸ್ವಿಚ್ ಹಾಕಿಸಿ, ರಸ್ತೆಗಿಳಿಯುವ ಮುಂಚೆ ಆರಿಸಿ.