ಲೂಥರನ ಪುತ್ರೀಶೋಕ

ಮಾರ್ಟಿನ್ ಲೂಥರನ ಹೆಸರನ್ನು ಕೇಳಿದೊಡನೆ ಪೋಪನ ಅಧಿಕಾರವನ್ನು ಎದುರಿಸಿ ನಿಂತ ಧೀರನ ಮೂರ್ತಿಯು ವಾಚಕರ ಕಣ್ಣಮುಂದೆ ನಿಲ್ಲುವುದು. ೧೫೧೭ರಲ್ಲಿ ಅವನು ಹೂಡಿದ ವಾದವು ಯೂರೋಪ್ ಖಂಡದ ಮತಸ್ಥಿತಿಯನ್ನೇ ಮಾರ್ಪಡಿಸಿತು. ಆದರೆ ಅವನ ಶ್ರದ್ಧೆಯ ಕಠಿನತಮವಾದ ಪರೀಕ್ಷೆಯು ಸ್ವಗೃಹದಲ್ಲಿ, ಮಗಳ ಹಾಸಿಗೆಯ ಬಳಿಯಲ್ಲಿ ನಡೆಯಿತು.

ಸಂನ್ಯಾಸವನ್ನು ತೊರೆದ ಲೂಥರನು ೧೫೨೫ರಲ್ಲಿ, ತನ್ನಂತೆಯೇ ಮಠವನ್ನು ಬಿಟ್ಟುಬಂದ ಕತರೀನಾ ಫಾನ್ ಬೋರಾ ಎಂಬಾಕೆಯನ್ನು ವರಿಸಿದನು. ವಿಟೆನ್‌ಬರ್ಗ್ ನಗರದ ಹಳೆಯ ಮಠವೇ ಅವರ ಮನೆಯಾಯಿತು. ಅವರಿಗೆ ಆರು ಮಂದಿ ಮಕ್ಕಳು ಹುಟ್ಟಿದರು. ಹಿರಿಯ ಮಗಳಾದ ಎಲಿಸಬೆತ್ತಳು ೧೫೨೮ರಲ್ಲಿ, ವರ್ಷ ತುಂಬುವ ಮೊದಲೇ ತೀರಿಕೊಂಡಳು. ಮರುವರ್ಷ ಹುಟ್ಟಿದ ಮಗ್ದಲೇನಳು ಆ ಬರಿದಾದ ಮಡಿಲನ್ನು ತುಂಬಿದಳು.

೧೫೪೨ನೆಯ ಸೆಪ್ಟೆಂಬರಿನಲ್ಲಿ ಹದಿಮೂರು ವರ್ಷದ ಮಗ್ದಲೇನಳು ಕಾಯಿಲೆ ಬಿದ್ದಳು. ಅಣ್ಣನನ್ನು ಕಾಣಬೇಕೆಂದು ಅವಳು ಹಂಬಲಿಸಲು, ಟೋರ್ಗೌ ಊರಿನಲ್ಲಿ ಓದುತ್ತಿದ್ದ ಹಾನ್ಸನನ್ನು ಕರೆತರಲು ತಂದೆಯು ಗಾಡಿಯನ್ನು ಕಳುಹಿಸಿದನು. ಈ ತಂದೆಯ ಬಳಿಯಲ್ಲಿ ಇರಬೇಕೆಂದಿರುವೆಯೋ, ಪರಲೋಕದ ತಂದೆಯ ಬಳಿಗೆ ಹೋಗಲೂ ಒಪ್ಪುವೆಯೋ ಎಂದು ಅವನು ಕೇಳಿದಾಗ, ದೇವರ ಚಿತ್ತದಂತೆಯೇ ಆಗಲೆಂದು ಮಗಳು ಉತ್ತರವಿತ್ತಳೆಂದು ಅವನ ಆಪ್ತರು ಬರೆದಿಟ್ಟಿದ್ದಾರೆ. ಲೂಥರನು ಮೊಳಕಾಲೂರಿ, ಅಳುತ್ತ ಪ್ರಾರ್ಥಿಸಿದನು. ಆ ತಿಂಗಳ ೨೦ನೆಯ ದಿನ ಅವಳು ತಂದೆಯ ತೋಳುಗಳಲ್ಲಿಯೇ ಪ್ರಾಣಬಿಟ್ಟಳು.

ಮಕ್ಕಳನ್ನು ಕಳೆದುಕೊಂಡ ಅನೇಕರಿಗೆ ಸಾಂತ್ವನಪತ್ರಗಳನ್ನು ಬರೆದವನು ಲೂಥರನು. ಮರಣವೆಂಬುದು ಒಂದು ನಿದ್ರೆ. ಪುನರುತ್ಥಾನದಲ್ಲಿ ಆ ನಿದ್ರೆಯಿಂದ ಎಚ್ಚರವುಂಟು—ಇದು ಅವನ ನಂಬಿಕೆ. ಪರರಿಗೆ ಕೊಟ್ಟ ಈ ಔಷಧವನ್ನು ಈಗ ತಾನೇ ಸೇವಿಸಬೇಕಾಯಿತು. ಮಗಳು ಸುಖವಾಗಿರುವಳೆಂದು ತಿಳಿದಿದ್ದರೂ ತನಗೆ ಇಷ್ಟು ದುಃಖವಾಗುವುದು ವಿಚಿತ್ರವೆಂದು ಅವನು ಶವಪೆಟ್ಟಿಗೆಯ ಎದುರಿನಲ್ಲಿ ಹೇಳಿಕೊಂಡನು. ಕೆಲವು ದಿನಗಳ ಮೇಲೆ ಮಿತ್ರನಾದ ಯುಸ್ಟಸ್ ಯೋನಾಸನಿಗೆ ಬರೆದ ಕಾಗದದಲ್ಲಿ ಅವನು ಏನನ್ನೂ ಮರೆಮಾಚಲಿಲ್ಲ. ಇಂತಹ ಸದ್ಗತಿಗಾಗಿ ದಂಪತಿಗಳು ದೇವರನ್ನು ವಂದಿಸತಕ್ಕದ್ದು. ಆದರೆ ವಾತ್ಸಲ್ಯವು ಎಷ್ಟು ಬಲವಾದುದೆಂದರೆ ಬಿಕ್ಕಿ ಅಳದೆ ಇರಲಾಗುವುದಿಲ್ಲ. ಕ್ರಿಸ್ತನ ಮರಣವನ್ನು ನೆನೆದರೂ ಈ ವ್ಯಥೆಯು ಪೂರ್ತಿಯಾಗಿ ನೀಗದು, ಎಂದು ಅದರ ತಾತ್ಪರ್ಯ.

ಶ್ರದ್ಧೆಯುಳ್ಳವನು ಅಳಬಾರದೆಂದು ಉಪದೇಶಿಸುವವರು ಎಲ್ಲ ಮತಗಳಲ್ಲಿಯೂ ಉಂಟು. ಲೂಥರನಿಗೆ ದೊರೆತ ಸಮಾಧಾನವು ಆ ಬಗೆಯದಲ್ಲ. ಅವನ ವಿಶ್ವಾಸವು ಕಣ್ಣೀರನ್ನು ತಡೆಯಲಿಲ್ಲ. ಅಳುವವನಿಗೆ ಆಸರೆಯಾಗಿ ನಿಂತಿತು. ೧೫೪೫ರಲ್ಲಿ, ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಆಸಿಯಾಂಡರ್ ಎಂಬ ಬೋಧಕನನ್ನು ಸಂತೈಸಿ ಬರೆಯುವಾಗ, ಮಗ್ದಲೇನಳನ್ನು ತಾನು ಇನ್ನೂ ಮರೆಯಲಾರದೆ ಇರುವೆನೆಂದು ಅವನು ಒಪ್ಪಿಕೊಂಡನು. ಮರುವರ್ಷ ಅವನೇ ಕಾಲವಾದನು. ಮಗಳನ್ನು ಮತ್ತೆ ಕಾಣುವೆನೆಂಬ ನಂಬಿಕೆಯೂ ಅವಳಿಲ್ಲವೆಂಬ ನೋವೂ ಅವನಲ್ಲಿ ಕಡೆಯವರೆಗೂ ಒಟ್ಟಿಗೆ ಬಾಳಿದುವು.