ಗರಗಸದ ಗುಟ್ಟು ಪೊರೆಯಲ್ಲಿ

ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಚೈನ್ ಗರಗಸದ ಹಗ್ಗವನ್ನು ಎಷ್ಟು ಎಳೆದರೂ ಎಂಜಿನ್ ಮಿಸುಕುವುದಿಲ್ಲ. 'ಗುಜರಿಗೆ ಹಾಕಿ' ಎನ್ನುವವರೇ ಹೆಚ್ಚು. ಆದರೆ ಮನೆಯ ಶೆಡ್ಡಿನಲ್ಲೇ ರಿಪೇರಿಗೆ ಕೂರುವವರು ಮೊದಲು ಬಿಚ್ಚಿ ನೋಡುವುದು ಕಾರ್ಬ್ಯುರೇಟರಿನೊಳಗಿನ ತೆಳು ಪೊರೆಯನ್ನು. ಗರಗಸದ ಇತಿಹಾಸಕ್ಕೆ ತಿರುವು ಕೊಟ್ಟದ್ದೂ ಈ ಪೊರೆಯೇ.

ಜರ್ಮನಿಯ ಆಂಡ್ರಿಯಾಸ್ ಷ್ಟೀಲ್ 1929ರಲ್ಲಿ ತಯಾರಿಸಿದ ಪೆಟ್ರೋಲ್ ಗರಗಸ 46 ಕಿಲೋ ತೂಗುತ್ತಿತ್ತು. ಹಿಡಿಯಲು ಇಬ್ಬರು ಬೇಕಿತ್ತು. ಮುಂದೆ ತೂಕ ಇಳಿದರೂ ಒಂದು ತೊಡಕು ಉಳಿಯಿತು. ಮೋಟಾರ್ ಸೈಕಲ್ಲಿನಂತೆ ಇದರ ಕಾರ್ಬ್ಯುರೇಟರಿನಲ್ಲೂ ಇಂಧನದ ಮಟ್ಟ ಕಾಯುತ್ತಿದ್ದುದು ತೇಲುಬುರುಡೆ. ನಿಂತ ಮರ ಕೊಯ್ಯಲು ಎಂಜಿನ್ನನ್ನು ಅಡ್ಡ ಹೊರಳಿಸಿದರೆ ಮಟ್ಟ ತಪ್ಪಿ ಅದು ನಿಲ್ಲುತ್ತಿತ್ತು. 1950ರ ದಶಕದಲ್ಲಿ ಬುರುಡೆಯ ಜಾಗಕ್ಕೆ ಪೊರೆ ಬಂತು. ಎಂಜಿನ್ನಿನೊಳಗಿನ ಒತ್ತಡದ ಮಿಡಿತಕ್ಕೆ ಒಂದು ಪೊರೆ ಪೆಟ್ರೋಲ್ ಸೆಳೆದರೆ, ಇನ್ನೊಂದು ಅಳೆದು ಬಿಡುತ್ತದೆ. ಗರಗಸ ಹೇಗೆ ಹೊರಳಿದರೂ ಓಡತೊಡಗಿತು. ಒಬ್ಬನ ಕೈಗೆ ಒಗ್ಗಿತು.

ಆದರೆ ಬಳಸದೆ ಇಟ್ಟರೆ ಉಳಿದ ಪೆಟ್ರೋಲ್ ಒಣಗಿ ಅಂಟಾಗುತ್ತದೆ, ಪೊರೆ ಗಡುಸಾಗುತ್ತದೆ. ಸತ್ತಿತೆಂದು ಎಸೆದ ಎಷ್ಟೋ ಎಂಜಿನ್‌ಗಳ ಕಾಯಿಲೆ ಇಷ್ಟೇ. ಪೊರೆ ಬದಲಿಸಿ, ಸಣ್ಣ ರಂಧ್ರಗಳನ್ನು ತೊಳೆದು, ಎಣ್ಣೆ ಬೆರೆಸಿದ ಹೊಸ ಪೆಟ್ರೋಲ್ ಹಾಕಿದರೆ ಅರ್ಧ ಶತಮಾನದ ಹಿಂದಿನ ಗರಗಸವೂ ಮತ್ತೆ ಗುಡುಗೀತು.