ಆಕರಗ್ರಂಥಗಳಲ್ಲಿ ಪೂರ್ವಾಶ್ರಮದ ಹೆಸರು

ಜೈನ ಆಚಾರ್ಯರ, ಮುನಿಗಳ ಹಾಗೂ ಭಟ್ಟಾರಕರ ವೃತ್ತಾಂತವನ್ನು ಕೋಶರೂಪದಲ್ಲಿ ಅಳವಡಿಸಲು ಹೊರಟವರಿಗೆ ಒಂದು ಪ್ರಶ್ನೆ ಮೊದಲಿಗೇ ಎದುರಾಗುತ್ತದೆ. ದೀಕ್ಷೆಯ ದಿನ ತ್ಯಜಿಸಿದ ಹೆಸರನ್ನು ಕೋಶಕಾರನು ಮತ್ತೆ ಎತ್ತಿ ಬರೆಯಬಹುದೆ? ಬರೆಯಬಾರದೆಂಬುದು ಅನೇಕ ಶ್ರಾವಕರ ಅಭಿಪ್ರಾಯ. ಉಟ್ಟ ವಸ್ತ್ರವನ್ನು ಬಿಟ್ಟು, ಕೇಶಲೋಚ ಮಾಡಿಕೊಂಡು, ಪಿಂಛಿ ಕಮಂಡಲುಗಳನ್ನು ಹಿಡಿದ ಮೇಲೆ ಆ ಜೀವಕ್ಕೆ ಗುರುವೇ ತಂದೆ, ಸಂಘವೇ ಕುಲ. ಮನೆಯ ಹೆಸರು, ಅಡ್ಡಹೆಸರು, ಗೌಡಕಿ ಇವೆಲ್ಲ ಪರಿಗ್ರಹದೊಳಗೇ ಸೇರಿದವು. ಅವರು ಬಿಟ್ಟುದನ್ನು ಪುಸ್ತಕ ಬರೆಯುವವನು ಹೆಕ್ಕಿಕೊಳ್ಳುವುದು ಉಚಿತವಲ್ಲ ಎಂದು ಅವರು ಹೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ದೀಕ್ಷೆಯೆಂದರೇನು ಎಂಬ ತಿಳಿವಳಿಕೆಯಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಯ ಪುನರುಜ್ಜೀವನದಲ್ಲಿ ಈ ಹಳ್ಳಿಗಳ ಒಕ್ಕಲು ಮನೆಗಳ ಪಾಲು ಬಹು ದೊಡ್ಡದು. ಇಲ್ಲಿಂದ ಹೊರಟವರ ದೀಕ್ಷಾನಾಮಗಳು ಅಜಮೇರ, ದೆಹಲಿ, ಕುಂಥಲಗಿರಿಗಳವರೆಗೆ ಹಬ್ಬಿವೆ. ಅವರ ಮನೆಯ ಹೆಸರುಗಳು ಮಾತ್ರ ಊರಲ್ಲಿಯೇ ಉಳಿದಿವೆ. ಆ ಎರಡನ್ನು ಜೋಡಿಸುವ ಕೊಂಡಿ ಎಲ್ಲಿಯಾದರೂ ಒಂದು ಕಡೆ ಬರೆಹದಲ್ಲಿ ಇರದಿದ್ದರೆ ಊರಿಗೆ ತನ್ನ ಚರಿತ್ರೆಯೂ ಇಲ್ಲ, ಚರಿತ್ರೆಗೆ ಊರೂ ಇಲ್ಲ.

ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರನ್ನೇ ತೆಗೆದುಕೊಳ್ಳಬಹುದು. ವೇದಗಂಗಾ ದೂಧಗಂಗಾ ನದಿಗಳು ಕೂಡುವೆಡೆಯಲ್ಲಿರುವ ಭೋಜ ಅವರ ಮನೆತನದ ಊರು. ಜನನವಾದುದು 1872ರಲ್ಲಿ, ಸಮೀಪದ ಯಳಗೂಡದ ತಾಯಿಯ ತವರಿನಲ್ಲಿ. ಹೆಸರು ಸಾತಗೌಡ, ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದವಿ, 1955ರ ಸೆಪ್ಟೆಂಬರಿನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ. ಬೋರಗಾಂವದ ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ ಪ್ರಸಂಗವು ಈ ಸೀಮೆಯಲ್ಲಿ ಪ್ರಸಿದ್ಧವಾದುದು. ಅದನ್ನು ಮಾಡಿದವನು ಶಾಂತಿಸಾಗರನಲ್ಲ, ಭೋಜದ ಸಾತಗೌಡ. ಸುಮೇರುಚಂದ್ರ ದಿವಾಕರರು ಬರೆದ ಹಿಂದೀ ಚರಿತ್ರೆಯು ಆ ಹೆಸರನ್ನು ಮುಚ್ಚಿಡಲಿಲ್ಲ. ಅದರಿಂದ ಆಚಾರ್ಯರ ಗೌರವಕ್ಕೆ ಯಾವ ಊನವೂ ಬರಲಿಲ್ಲ. ಹೊಳೆಯಲ್ಲಿ ಮುನಿಯನ್ನು ಹೊತ್ತ ಗೃಹಸ್ಥನೇ ಮುಂದೆ ಸಂಘವನ್ನು ಹೊತ್ತನೆಂಬುದು ಆ ಹೆಸರಿದ್ದರೆ ತಾನೇ ತಿಳಿಯುವುದು?

ಶೇಡಬಾಳದ ಸಂಗತಿ ಇನ್ನಷ್ಟು ಬೋಧಪ್ರದವಾಗಿದೆ. 1925ರ ಏಪ್ರಿಲ್ 22ರಂದು ಅಲ್ಲಿ ಹುಟ್ಟಿದ ಸುರೇಂದ್ರ ಉಪಾಧ್ಯೆ 1946ರಲ್ಲಿ ತಮದಡ್ಡಿಯಲ್ಲಿ ಮಹಾವೀರಕೀರ್ತಿ ಮುನಿಗಳಿಂದ ಕ್ಷುಲ್ಲಕದೀಕ್ಷೆ ಪಡೆದು ಪಾರ್ಶ್ವಕೀರ್ತಿಯಾದರು. ಹದಿನೇಳು ವರ್ಷಗಳ ಮೇಲೆ, 1963ರ ಜುಲೈ 25ರಂದು, ದೆಹಲಿಯಲ್ಲಿ ಕೋಥಳಿಯ ದೇಶಭೂಷಣ ಆಚಾರ್ಯರಿಂದ ಮುನಿದೀಕ್ಷೆಯಾಗಿ ವಿದ್ಯಾನಂದರೆನಿಸಿದರು. 2019ರ ಸೆಪ್ಟೆಂಬರ್ 22ರಂದು ಅವರ ಸಮಾಧಿಯಾಯಿತು. ಇಲ್ಲಿ ಬಿಟ್ಟ ಹೆಸರು ಒಂದಲ್ಲ, ಎರಡು. ಮತ್ತು ಎರಡನೆಯದು ಮನೆಯ ಹೆಸರೇ ಅಲ್ಲ, ಅದೂ ದೀಕ್ಷಾನಾಮವೇ. ಪರಿಗ್ರಹದ ವಾದವು ಸುರೇಂದ್ರ ಎಂಬುದಕ್ಕೆ ಸಲ್ಲಬಹುದು. ಪಾರ್ಶ್ವಕೀರ್ತಿ ಎಂಬುದಕ್ಕೆ ಹೇಗೆ ಸಂದೀತು? ಆ ಹದಿನೇಳು ವರ್ಷಗಳ ಯಾವುದೇ ಕಾಗದದಲ್ಲಿ ಪಾರ್ಶ್ವಕೀರ್ತಿಯ ಹೆಸರನ್ನು ಓದಿದವನು ಕೋಶವನ್ನು ತೆರೆದಾಗ ವಿದ್ಯಾನಂದರ ಲೇಖವನ್ನು ತಲುಪಬೇಕು. ತಲುಪದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ.

ಊರುಗಳ ಹೆಸರಿನಲ್ಲಿ ಈ ಎಚ್ಚರವನ್ನು ಯಾರೂ ಆಕ್ಷೇಪಿಸುವುದಿಲ್ಲವೆಂಬುದು ಗಮನಾರ್ಹ. ಶೇಡಬಾಳವು ಹಿಂದಿನ ಗ್ರಂಥಗಳಲ್ಲಿ ಅಥಣಿ ತಾಲೂಕಿನ ಗ್ರಾಮ, ಈಗ ಕಾಗವಾಡ ತಾಲೂಕಿನದು. ರಾಯಬಾಗವು ಶಾಸನಗಳಲ್ಲಿ ಹೂವಿನ ಬಾಗೆ. ಬೆಳಗಾಂವ 2014ರಲ್ಲಿ ಬೆಳಗಾವಿಯಾಯಿತು. ಹಳೆಯ ಹೆಸರನ್ನು ಕೊಡದ ಸ್ಥಳಕೋಶವನ್ನು ವಿದ್ವಾಂಸರು ಕೈಯಲ್ಲಿ ಹಿಡಿಯಲಾರರು.

ಸದಲಗಾದ ಒಂದು ಕುಟುಂಬದ ಉದಾಹರಣೆಯನ್ನು ನೋಡಿದರೆ ನಷ್ಟದ ಪ್ರಮಾಣವು ಸ್ಪಷ್ಟವಾಗುತ್ತದೆ. 1946ರ ಅಕ್ಟೋಬರ್ 10ರಂದು ಜನಿಸಿದ ವಿದ್ಯಾಧರನು 1968ರ ಜೂನ್ 30ರಂದು ಅಜಮೇರಿನಲ್ಲಿ ಜ್ಞಾನಸಾಗರರಿಂದ ದೀಕ್ಷೆ ಪಡೆದು ವಿದ್ಯಾಸಾಗರರಾದರು, 1972ರಲ್ಲಿ ಆಚಾರ್ಯರಾದರು, 2024ರ ಫೆಬ್ರವರಿ 18ರಂದು ಡೋಂಗರಗಢದ ಚಂದ್ರಗಿರಿಯಲ್ಲಿ ಸಮಾಧಿಮರಣ ಹೊಂದಿದರು. ತಂದೆ ಮಲ್ಲಪ್ಪನವರು ಮುನಿ ಮಲ್ಲಿಸಾಗರರಾದರು, ತಾಯಿ ಶ್ರೀಮತಿಯವರು ಆರ್ಯಿಕೆ ಸಮಯಮತಿಯಾದರು. ತಮ್ಮಂದಿರಾದ ಅನಂತನಾಥ, ಶಾಂತಿನಾಥರು ಯೋಗಸಾಗರ, ಸಮಯಸಾಗರರಾದರು. ಅಣ್ಣನ ಸಮಾಧಿಯ ತರುವಾಯ ಆಚಾರ್ಯಪದವು ಸಮಯಸಾಗರರಿಗೇ ಬಂದಿತು. ದೀಕ್ಷಾನಾಮಗಳಿಂದಷ್ಟೇ ರಚಿಸಿದ ಕೋಶದಲ್ಲಿ ಈ ಐವರು ಅಕಾರಾದಿಯಲ್ಲಿ ಐದು ಕಡೆ ಹಂಚಿಹೋಗುತ್ತಾರೆ. ಒಂದೇ ಮನೆಯ ತಂದೆ ತಾಯಿ ಮಕ್ಕಳು ಒಬ್ಬರ ಹಿಂದೊಬ್ಬರು ಹೊರಟರೆಂಬ ಮಹತ್ತರ ಸಂಗತಿಯು ಓದುಗನಿಗೆ ತೋರುವುದೇ ಇಲ್ಲ. ಹೆಂಗಸರ ವಿಷಯದಲ್ಲಿ ತೊಡಕು ಮತ್ತೂ ಹೆಚ್ಚು. ಮದುವೆಯಲ್ಲಿ ವಧುವಿಗೆ ಬೇರೆ ಹೆಸರಿಡುವ ವಾಡಿಕೆ ಈ ಭಾಗದ ಅನೇಕ ಮನೆಗಳಲ್ಲಿದ್ದುದರಿಂದ, ಆರ್ಯಿಕೆಯೊಬ್ಬರ ಹಿಂದೆ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು ಇರಬಹುದು.

ಪೂರ್ವನಾಮವನ್ನು ಹೇಳುವುದು ಪರಂಪರೆಗೆ ವಿರುದ್ಧವೆಂಬ ಮಾತು ಶಾಸನಗಳ ಮುಂದೆ ಪೂರ್ಣವಾಗಿ ನಿಲ್ಲುವುದಿಲ್ಲ. ಶ್ರವಣಬೆಳಗೊಳದ 1163ರ ಶಾಸನವು ದೇವಕೀರ್ತಿ ಮುನಿಗಳ ನಿಷಿಧಿಗೆ ಸಂಬಂಧಿಸಿದುದು. ಅದು ಪೂಜ್ಯಪಾದರನ್ನು ಸ್ಮರಿಸುವಾಗ ಅವರ ಮೊದಲ ಹೆಸರು ದೇವನಂದಿಯೆಂದೂ, ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿಯೆನಿಸಿದರೆಂದೂ, ದೇವತೆಗಳು ಪಾದಗಳನ್ನು ಪೂಜಿಸಿದುದರಿಂದ ಪೂಜ್ಯಪಾದರಾದರೆಂದೂ ಕ್ರಮವಾಗಿ ಹೇಳುತ್ತದೆ. ಕೊಂಡಕುಂದಾಚಾರ್ಯರ ಪದ್ಮನಂದಿ ಎಂಬ ಹೆಸರನ್ನೂ ಅದು ಬಿಟ್ಟಿಲ್ಲ. ಇವು ಮುನಿತ್ವದೊಳಗಿನ ಹೆಸರುಗಳೇ ಹೊರತು ಮನೆಯ ಹೆಸರುಗಳಲ್ಲವೆಂಬ ಭೇದವನ್ನು ಒಪ್ಪಲೇಬೇಕು. ಆದರೂ ಹಿಂದಿನ ಹೆಸರನ್ನು ಹೇಳುವುದು ಅವಮಾನವೆಂದು ಆ ಶಾಸನಕವಿಗೆ ತೋರಿರಲಿಲ್ಲ.

ಇದೇ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು 1935ರಲ್ಲಿ ಪ್ರಕಟಿಸಿದ ಪ್ರವಚನಸಾರದ ಪೀಠಿಕೆಯಲ್ಲಿ ಕುಂದಕುಂದರಿಗೆ ಹೇಳುವ ಐದು ಹೆಸರುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪದ್ಮನಂದಿ, ಕುಂದಕುಂದ, ವಕ್ರಗ್ರೀವ, ಏಲಾಚಾರ್ಯ, ಗೃಧ್ರಪಿಂಛ ಎಂಬ ಇವೆಲ್ಲವನ್ನೂ ಅವರು ಸಮನಾಗಿ ಸ್ವೀಕರಿಸಲಿಲ್ಲ. ಯಾವುದಕ್ಕೆ ಎಷ್ಟು ಪ್ರಾಚೀನವಾದ ಆಧಾರವಿದೆಯೆಂಬುದನ್ನು ತೂಗಿ ನೋಡಿದರು. ಹೆಸರನ್ನು ಸೇರಿಸುವುದಷ್ಟೇ ಕೋಶಕಾರನ ಕೆಲಸವಲ್ಲ, ಸೋಸುವುದೂ ಅವನ ಕೆಲಸ ಎಂಬುದಕ್ಕೆ ಆ ಪೀಠಿಕೆ ಮಾದರಿ. (ಶೇಡಬಾಳದವರೂ ಸದಲಗಾದವರೂ ಉಪಾಧ್ಯೆಗಳೇ ಆದರೂ, ಅಡ್ಡಹೆಸರು ಒಂದೆಂದ ಮಾತ್ರಕ್ಕೆ ಮನೆತನವೂ ಒಂದೆನ್ನಲಾಗದು, ಉಪಾಧ್ಯೆ ಎಂಬುದು ವೃತ್ತಿಯಿಂದ ಬಂದ ಹೆಸರು. ಪೂರ್ವನಾಮವು ದಾರಿ ತೋರಿಸುವಂತೆ ದಾರಿ ತಪ್ಪಿಸಲೂ ಬಲ್ಲದು.)

ಪೂರ್ವನಾಮದ ಕೊಂಡಿ ಕಳಚಿದರೆ ಏನಾಗುವುದೆಂಬುದಕ್ಕೆ ಚಂದ್ರಗುಪ್ತನ ಪ್ರಶ್ನೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಚಂದ್ರಗಿರಿಯ ಸುಮಾರು 600ರ ಶಾಸನದಲ್ಲಿ ಪ್ರಭಾಚಂದ್ರನೆಂಬ ಆಚಾರ್ಯನ ಹೆಸರಿದೆ. ಅದು ಚಂದ್ರಗುಪ್ತನ ದೀಕ್ಷಾನಾಮವೆಂದು ಲೂಯಿ ರೈಸ್ ತಿಳಿದರು, ಫ್ಲೀಟ್ ಒಪ್ಪಲಿಲ್ಲ. 931ರಲ್ಲಿ ಹರಿಷೇಣನು ರಚಿಸಿದ, ಉಪಾಧ್ಯೆಯವರೇ 1943ರಲ್ಲಿ ಸಂಪಾದಿಸಿದ ಬೃಹತ್ಕಥಾಕೋಶದ ಪ್ರಕಾರ ಚಂದ್ರಗುಪ್ತನು ದೀಕ್ಷೆಯ ಮೇಲೆ ವಿಶಾಖಾಚಾರ್ಯನಾದನು. ಅರಸನಾಗಿದ್ದವನ ವಿಷಯದಲ್ಲಿಯೇ ಇಷ್ಟು ವಾದವಾದ ಬಳಿಕ ಒಕ್ಕಲಿಗನ ಮಗನ ಪಾಡೇನು?

ಹಸ್ತಪ್ರತಿಗಳ ಅಂತ್ಯಪ್ರಶಸ್ತಿಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮೂಡಬಿದಿರೆಯ ಸಿದ್ಧಾಂತಗ್ರಂಥವನ್ನು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗೆ ಅರ್ಪಿಸಿದ ಮಲ್ಲಿಕಬ್ಬೆಯ ಹೆಸರು ಇಂದಿಗೂ ಉಳಿದಿದೆ. ಓಲೆ ಬರೆಯಿಸಿದ ಗೃಹಿಣಿ ಮನೆಯ ಹೆಸರಿನಿಂದ ಚರಿತ್ರೆಗೆ ಸಂದಳು. ಅದನ್ನು ಕೈನೀಡಿ ಪಡೆದ ಮುನಿಯು ಹೆಸರೊಂದನ್ನು ಬಿಟ್ಟು, ಮತ್ತೊಂದರಿಂದ ಸಂದನು. ಮಾಘನಂದಿಗಳು ಒಬ್ಬರಲ್ಲ, ಅನೇಕರು. ಕಾಲನಿರ್ಣಯದ ಕಷ್ಟವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಭಟ್ಟಾರಕ ಪೀಠಗಳಲ್ಲಿ ಈ ಕಷ್ಟಕ್ಕೆ ಕೊನೆಯೇ ಇಲ್ಲ. ಕೊಲ್ಹಾಪುರದಲ್ಲಿ ಲಕ್ಷ್ಮೀಸೇನ, ನಾಂದಣಿಯಲ್ಲಿ ಜಿನಸೇನ, ಶ್ರವಣಬೆಳಗೊಳ ಮತ್ತು ಮೂಡಬಿದಿರೆಗಳಲ್ಲಿ ಚಾರುಕೀರ್ತಿ. ಪೀಠಕ್ಕೆ ಬಂದವರೆಲ್ಲರಿಗೂ ಅದೇ ಹೆಸರು. ಓಲೆಯ ಕೊನೆಯಲ್ಲಿ ‘ಲಕ್ಷ್ಮೀಸೇನ’ ಎಂದಷ್ಟೇ ಇದ್ದು ಶಕವರ್ಷವಿಲ್ಲದಿದ್ದರೆ ಆ ಹೆಸರು ಕಾಲವನ್ನು ಹೇಳದು, ಪೀಠವನ್ನು ಮಾತ್ರ ಹೇಳುತ್ತದೆ. 1949ರಲ್ಲಿ ಹುಟ್ಟಿ, 1970ರಲ್ಲಿ ಪೀಠವೇರಿ, 2023ರಲ್ಲಿ ದಿವಂಗತರಾದ ಶ್ರವಣಬೆಳಗೊಳದ ಚಾರುಕೀರ್ತಿ ಸ್ವಾಮಿಗಳನ್ನು ಹಿಂದಿನ ಚಾರುಕೀರ್ತಿಗಳಿಂದ ಬೇರ್ಪಡಿಸಲು ವಾರಂಗದ ರತ್ನವರ್ಮ ಎಂಬ ಹೆಸರಿಗಿಂತ ಸುಲಭವಾದ ಗುರುತು ಬೇರೆ ಇಲ್ಲ.

ಗ್ರಂಥಕರ್ತೃಗಳ ವಿಷಯದಲ್ಲಂತೂ ಆಯ್ಕೆಗೆ ಅವಕಾಶವೇ ಇಲ್ಲ. ವಿದ್ಯಾಸಾಗರರ ಗುರು ಜ್ಞಾನಸಾಗರರು ಪೂರ್ವಾಶ್ರಮದಲ್ಲಿ ರಾಜಸ್ಥಾನದ ರಾಣೋಲಿಯ ಪಂಡಿತ ಭೂರಾಮಲ ಶಾಸ್ತ್ರಿಗಳು. ಜಯೋದಯದಂತಹ ಸಂಸ್ಕೃತ ಮಹಾಕಾವ್ಯವನ್ನು ರಚಿಸಿದವರು ಭೂರಾಮಲರು. ದೀಕ್ಷೆ ಕೊಟ್ಟವರು ಜ್ಞಾನಸಾಗರರು. ಗ್ರಂಥಸೂಚಿಯು ಒಂದು ಹೆಸರನ್ನು ಅಳಿಸಿದರೆ ಕಾವ್ಯವು ಕವಿಯಿಂದ ಅಗಲುತ್ತದೆ. ಆಧುನಿಕ ಗ್ರಂಥಾಲಯಗಳ ಸೂಚೀಕರಣ ನಿಯಮಗಳು ಇದಕ್ಕೆ ಸರಳವಾದ ಉಪಾಯವನ್ನು ಕಂಡುಕೊಂಡಿವೆ: ಪ್ರಸಿದ್ಧವಾದ ಹೆಸರಿನ ಕೆಳಗೆ ಮುಖ್ಯ ಲೇಖ, ಉಳಿದ ಹೆಸರುಗಳಿಂದ ‘ನೋಡಿ’ ಎಂಬ ನಿರ್ದೇಶ. ದೀಕ್ಷಾನಾಮವೇ ಶಿರೋನಾಮವಾಗಿರುವುದರಿಂದ ಶ್ರಾವಕರ ಭಕ್ತಿಗೂ ಇದರಲ್ಲಿ ಧಕ್ಕೆಯಿಲ್ಲ.

ಹಾಗೆಂದು ಸಿಕ್ಕ ಹೆಸರನ್ನೆಲ್ಲ ತುಂಬುವುದು ವಿದ್ವತ್ತಲ್ಲ, ಕುತೂಹಲ. ಯಾವ ಹೆಸರಿನಲ್ಲಿ ಒಂದು ಕೃತಿಯೋ, ಶಾಸನವೋ, ದಾಖಲೆಯೋ, ಸಾರ್ವಜನಿಕ ಕಾರ್ಯವೋ ಇದೆಯೋ ಆ ಹೆಸರಿಗೆ ಕೋಶದಲ್ಲಿ ಸ್ಥಾನವುಂಟು. ಅಂತಹ ಯಾವುದೂ ಇಲ್ಲದ, ಜೀವಿಸಿರುವ ತ್ಯಾಗಿಯೊಬ್ಬರು ತಮ್ಮ ಮನೆಯ ಹೆಸರನ್ನು ಹೇಳಲೊಲ್ಲೆನೆಂದರೆ ಊರಿಗೆ ಹೋಗಿ ನೆರೆಹೊರೆಯವರನ್ನು ಕೇಳಿ ಬರೆದುಕೊಂಡು ಬರುವ ಅಧಿಕಾರ ಕೋಶಕಾರನಿಗಿಲ್ಲ. ಮಠದ ಹೊರಗಿನ ಲೋಕಕ್ಕೂ ಈ ಮಾತು ಅನ್ವಯಿಸುತ್ತದೆ. ಜಾತಿಯನ್ನು ಸೂಚಿಸುವ ಅಡ್ಡಹೆಸರನ್ನು ಕಳಚಿಕೊಂಡವರು, ಗಂಡು ಹೆಸರನ್ನು ಬಿಟ್ಟು ಹೆಣ್ಣಾಗಿ ಬಾಳುವವರು, ಹಳೆಯ ಹೆಸರೇ ನೋವಾಗಿರುವವರು ಹೊಸ ಹೆಸರಿನಿಂದಲೇ ಲೋಕಕ್ಕೆ ಪರಿಚಿತರಾಗಿದ್ದರೆ ಹಳೆಯದರಿಂದ ಓದುಗನಿಗೆ ಆಗಬೇಕಾದ ಪ್ರಯೋಜನವೇನೂ ಇಲ್ಲ. ಮುನಿಯ ಹೆಸರಿನ ಪಕ್ಕದಲ್ಲಿ ಒಳಪಂಗಡವನ್ನು ಸೂಚಿಸಲು ಪೂರ್ವನಾಮವನ್ನು ಬಳಸುವ ಹೊಸ ಅಭ್ಯಾಸವಂತೂ ಖಂಡನೀಯ. ಅವರು ಬಿಟ್ಟುದು ಅದನ್ನೇ.

ಬಳಕೆಯ ಪೂರ್ವನಾಮಕ್ಕೆ ಬದಲಾಗಿ ಊರ ಹೆಸರು ಸಾಲದೆ ಎಂದು ಕೆಲವರು ಕೇಳುವುದುಂಟು. ಸ್ವಲ್ಪ ಮಟ್ಟಿಗೆ ಸಾಕು. ಬೋರಗಾಂವದ ಆದಿಸಾಗರರನ್ನು ಅಂಕಲಿಯ ಆದಿಸಾಗರರಿಂದ ಜನರು ಹಾಗೆಯೇ ಗುರುತಿಸುತ್ತ ಬಂದಿದ್ದಾರೆ. ಆದರೆ ಊರು ಹುಟ್ಟಿದುದೋ, ಬೆಳೆದುದೋ, ದೀಕ್ಷೆಯಾದುದೋ ಎಂಬುದು ಕಾಲಕ್ರಮದಲ್ಲಿ ಮಸುಕಾಗುತ್ತದೆ. ಶಾಂತಿಸಾಗರರಿಗೆ ಯಳಗೂಡವೂ ಉಂಟು, ಭೋಜವೂ ಉಂಟು. ಅದೇ ಕಾಲದಲ್ಲಿ ಅದೇ ದೀಕ್ಷಾನಾಮದ ಇನ್ನೊಬ್ಬ ಆಚಾರ್ಯರೂ ಇದ್ದರು: ರಾಜಸ್ಥಾನದ ಛಾಣಿಯವರು, ಪೂರ್ವಾಶ್ರಮದಲ್ಲಿ ಕೇವಲದಾಸರು, 1923ರಲ್ಲಿ ಮುನಿಗಳಾಗಿ 1944ರಲ್ಲಿ ಸಮಾಧಿಹೊಂದಿದವರು. 1933ರ ಚಾತುರ್ಮಾಸವನ್ನು ಈ ಇಬ್ಬರು ಶಾಂತಿಸಾಗರರೂ ಬ್ಯಾವರದಲ್ಲಿಯೇ ಕಳೆದರು. ಆ ವರ್ಷದ ಬ್ಯಾವರದ ಕಾಗದವೊಂದರಲ್ಲಿ ‘ಆಚಾರ್ಯ ಶಾಂತಿಸಾಗರ’ ಎಂದಿದ್ದರೆ ಅದು ಸಾತಗೌಡರಿಗೆ ಸಂಬಂಧಿಸಿದುದೋ ಕೇವಲದಾಸರಿಗೆ ಸಂಬಂಧಿಸಿದುದೋ ಎಂದು ಸೂಚೀಕಾರನು ಮೊದಲು ವಿಚಾರಿಸಬೇಕಾಗುತ್ತದೆ.